ಹೂ ಬಿದ್ದದ್ದು ಯಾರ ಬಲಕ್ಕೆ

ಹೋದ ವರ್ಷ ಆಷಾಢದ ಒಂದು ಸೋಮವಾರ ಬೆಳಗ್ಗೆ ನಮ್ಮೂರ ಅಂಚೆ ಕಚೇರಿಯಲ್ಲಿ ಕೂತು ಟಪಾಲು ವಿಂಗಡಿಸುತ್ತಿದ್ದೆ. ಒಂದು ಲಕೋಟೆಯ ಮೇಲೆ ಊರಿನ ಹೆಸರು ಸರಿಯಾಗಿ ಕಾಣಿಸಿತು, ಅದರ ಮೇಲಿನ ಸಾಲಿನಲ್ಲಿದ್ದ ಮನುಷ್ಯನ ಹೆಸರು ಕಾಣಿಸಲಿಲ್ಲ. ಕನ್ನಡಕ ಒರೆಸಿ ಮತ್ತೆ ನೋಡಿದೆ. ನೊಣದಷ್ಟು ಕಪ್ಪು ಚುಕ್ಕೆಯೊಂದು ಆ ಹೆಸರಿನ ಮೇಲೆಯೇ ಕೂತಿತ್ತು. ಓಡಿಸಲು ಕೈ ಬೀಸಿದೆ. ಹೋಗಲಿಲ್ಲ. ಅದು ಲಕೋಟೆಯ ಮೇಲಿರಲಿಲ್ಲ, ನನ್ನ ಕಣ್ಣಿನೊಳಗಿತ್ತು.

ನನ್ನ ಹೆಸರು ಪುಟ್ಟಲಕ್ಷ್ಮಿ. ಮಧುಗಿರಿ ತಾಲ್ಲೂಕು ಬಡವನಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ ಅಂಚೆ ಕೆಲಸ ನೋಡಿಕೊಳ್ಳುತ್ತೇನೆ. ಹೆಸರಿನಲ್ಲಷ್ಟೇ ಪುಟ್ಟ. ಆಗ ನನ್ನ ತೂಕ ನೂರ ಹನ್ನೆರಡು ಕಿಲೋ, ವಯಸ್ಸು ನಲವತ್ತಾರು. ಹತ್ತು ವರ್ಷದಿಂದ ಶುಗರ್, ದಿನಕ್ಕೆರಡು ಸಲ ಇನ್ಸುಲಿನ್. ನಮ್ಮೂರ ಹುಣಸೆ ತೋಪಿನಲ್ಲಿ ನೆಲೆಸಿರುವ ತೋಪಿನಮ್ಮ ನನ್ನನ್ನು ಹೇಗೆ ಕೈಹಿಡಿದಳು ಎಂಬುದನ್ನು, ಅವಳನ್ನು ನಂಬಿದ ನಿಮ್ಮೆಲ್ಲರಿಗೂ ಹೇಳಬೇಕೆಂದು ಬರೆಯಲು ಕೂತಿದ್ದೇನೆ. ನನಗೆ ಬಾಯಿ ಜೋರು ಎಂದು ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ಪಿಂಚಣಿ ಕೊಡುವ ದಿನ ಸಾಲು ತಪ್ಪಿಸಿ ನುಗ್ಗಿ ನನ್ನ ಬಾಯಿಗೆ ಸಿಕ್ಕವರು ಇದನ್ನು ಓದಿ ನಗಬಹುದು. ನಗಲಿ. ಅಷ್ಟು ಬಾಯಿ ಇದ್ದವಳು ಹೇಳಲೇಬೇಕಾದ ಒಂದು ಮಾತನ್ನು ಆರು ವರ್ಷ ಹೇಳದೆ ಇದ್ದಳು.

ನಮ್ಮಮ್ಮ ಪಾವಗಡದ ಕಡೆಯವಳು. ಇದೇ ಶುಗರ್‌ನಲ್ಲಿ ಎರಡೂ ಕಣ್ಣು ಕಳೆದುಕೊಂಡು ಕೊನೆಯ ನಾಲ್ಕು ವರ್ಷ ಗೋಡೆ ಸವರಿಕೊಂಡು ಓಡಾಡಿದಳು. ಏನಾಗುತ್ತಿದೆಯಮ್ಮಾ ಎಂದು ಯಾವಾಗ ಕೇಳಿದರೂ, "ಏಮೀ ಲೇದು ಕಣಮ್ಮ, ನಿನ್ನ ಕೆಲ್ಸ ನೋಡ್ಕೋ ಹೋಗು" ಎನ್ನುತ್ತಿದ್ದಳು. ಏಮೀ ಲೇದು ಎಂದರೆ ಏನೂ ಇಲ್ಲ ಎಂದು. ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ಸುಳ್ಳು. ನನ್ನ ಕಣ್ಣೊಳಗೆ ಆ ಚುಕ್ಕೆ ಬಂದ ದಿನ ನನಗೆ ಮೊದಲು ನೆನಪಾದದ್ದು ಅಮ್ಮನ ಅಂಗೈ, ಸುಣ್ಣ ಮೆತ್ತಿಕೊಂಡಿರುತ್ತಿದ್ದ ಆ ಬಿಳೀ ಅಂಗೈ. ನನಗೂ ಅದೇ ಗತಿಯೇ ಎಂದು ಕಚೇರಿಯಲ್ಲಿ ಒಬ್ಬಳೇ ಕೂತು ಅತ್ತುಬಿಟ್ಟೆ.

ತುಮಕೂರಿನ ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, ಒಳಗೆ ಸ್ವಲ್ಪ ರಕ್ತ ಜಿನುಗಿದೆ, ಶುಗರ್ ಹತೋಟಿಗೆ ಬರಲೇಬೇಕು ಎಂದರು. ಶುಗರ್ ಡಾಕ್ಟರು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ತಲೆ ಆಡಿಸಿದರು. ನಾನೇನು ಪ್ರಯತ್ನ ಮಾಡದೆ ಕೂತವಳಲ್ಲ. ಅದರ ಹಿಂದಿನ ವರ್ಷವೇ ಮುದ್ದೆ ಬಿಟ್ಟು ಚಪಾತಿ ತಿಂದೆ, ಚಪಾತಿ ಬಿಟ್ಟು ಸೌತೆಕಾಯಿ ತಿಂದೆ, ಕೆರೆ ಏರಿ ಮೇಲೆ ಮೂರು ತಿಂಗಳು ನಡೆದೆ, ಇಳಿದ ನಾಲ್ಕು ಕಿಲೋ ಗೌರಿ ಹಬ್ಬದ ಹೊತ್ತಿಗೆ ವಾಪಸ್ಸು ಬಂತು. ಇದನ್ನು ಕೇಳಿ ಶುಗರ್ ಡಾಕ್ಟರೇ ಬೆಂಗಳೂರಿಗೆ ಚೀಟಿ ಬರೆದುಕೊಟ್ಟು, ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳಿ, ಶುಗರ್‌ಗೂ ಅದರಿಂದ ದಾರಿ ಆಗುತ್ತದೆ ಎಂದರು.

ನಮ್ಮ ಯಜಮಾನರು ನಾಗರಾಜು ಮಧುಗಿರಿ-ಪಾವಗಡ ಖಾಸಗಿ ಬಸ್ಸಿನ ಡ್ರೈವರು. ರಜೆ ಹಾಕಿ ನನ್ನ ಜೊತೆ ಬಂದರು. ಬಸ್ಸಿನಲ್ಲಿ ಮೂರು ಜನರ ಸೀಟಿನಲ್ಲಿ ನಾವಿಬ್ಬರೇ. ಟಿಕೆಟ್ಟು ಕೊಡುವಾಗ ಕಂಡಕ್ಟರು ಏನೂ ಅನ್ನಲಿಲ್ಲ, ಸುಮ್ಮನೆ ನೋಡಿದ. ಅಂದಿದ್ದರೆ ಎರಡು ಮಾತು ಆಡಿಬಿಡುತ್ತಿದ್ದೆ, ಸುಮ್ಮನೆ ನೋಡುವವನಿಗೆ ಏನು ಹೇಳುವುದು.

ಬೆಂಗಳೂರಿನ ಡಾಕ್ಟರಮ್ಮ ಒಳ್ಳೆಯವರು. ಎರಡು ಚೀಟಿಯ ಮೇಲೆ ಎರಡು ಚಿತ್ರ ಬರೆದು ಮುಂದಿಟ್ಟರು. "ಇದು ಸ್ಲೀವ್. ಹೊಟ್ಟೆಯ ಮುಕ್ಕಾಲು ಭಾಗ ತೆಗೆದುಬಿಡ್ತೀವಿ, ಉಳಿದದ್ದು ಬಾಳೆಹಣ್ಣಿನ ಆಕಾರ ಇರುತ್ತೆ. ಕರುಳು ಮುಟ್ಟಲ್ಲ. ಇದು ಬೈಪಾಸ್. ಹೊಟ್ಟೆಯ ಮೇಲ್ಭಾಗದಲ್ಲಿ ಸಣ್ಣ ಚೀಲ ಮಾಡಿ, ಕೆಳಗಿನ ಕರುಳನ್ನ ಮೇಲಕ್ಕೆ ತಂದು ಜೋಡಿಸ್ತೀವಿ. ಶುಗರ್‌ಗೆ ಇದು ಇನ್ನೂ ಸ್ವಲ್ಪ ಜಾಸ್ತಿ ಕೆಲಸ ಮಾಡುತ್ತೆ, ಆದ್ರೆ ವಿಟಮಿನ್ ಮಾತ್ರೆ ಜೀವನಪೂರ್ತಿ ಬಿಡೋ ಹಾಗಿಲ್ಲ" ಎಂದರು. ಆಮೇಲೆ ಪ್ರಶ್ನೆ ಮೇಲೆ ಪ್ರಶ್ನೆ. ಶುಗರ್, ಬಿ.ಪಿ. ಬಿಟ್ಟು ಬೇರೆ ಮಾತ್ರೆ? ಏನಿಲ್ಲ ಮೇಡಂ. ಆಸಿಡ್ ರಿಫ್ಲಕ್ಸ್? ಆ ಹೆಸರೇ ನನಗೆ ಹೊಸದು. ಏನಿಲ್ಲ ಮೇಡಂ. ಬೇರೆ ಏನಾದರೂ ತೊಂದರೆ? ಏನಿಲ್ಲ. ಈ ಏನಿಲ್ಲ ಎಂಬ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಪಕ್ಕದ ಕೋಣೆಯಲ್ಲಿ ಊಟದ ಬಗ್ಗೆ ಹೇಳಿಕೊಡುವ ಹುಡುಗಿಯೊಬ್ಬಳು ಕೇಳಿದಳು, "ಆಂಟಿ, ಒಂದು ತುತ್ತು ಎಷ್ಟು ಸಲ ಅಗೀತೀರಾ?"

"ಮುದ್ದೆನಾ? ಮುದ್ದೆ ಯಾರಾದ್ರೂ ಅಗೀತಾರೇನಮ್ಮಾ? ನುಂಗೋದು."

ಅವಳು ಪೆನ್ನು ಕೆಳಗಿಟ್ಟಳು. ಆಪರೇಷನ್ ಆದ ಮೇಲೆ ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಬೇಕು ಎಂದಾಗ ನಮ್ಮ ಯಜಮಾನರು ನಕ್ಕರು, ನಾನು ಅವರ ಕಾಲು ತುಳಿದೆ. ಬಾಯಿಂದ ಕ್ಯಾಮೆರಾ ಬಿಟ್ಟು ಹೊಟ್ಟೆಯನ್ನೂ ನೋಡಿದರು. ಎಲ್ಲ ಚೆನ್ನಾಗಿದೆ, ಎರಡರಲ್ಲಿ ಯಾವುದಾದರೂ ಆಗುತ್ತದೆ, ಯೋಚನೆ ಮಾಡಿ ಹದಿನೈದು ದಿನದೊಳಗೆ ತಿಳಿಸಿ ಎಂದು ಕಳಿಸಿದರು.

ಯಾವುದಾದರೂ ಆಗುತ್ತದೆ ಎಂಬ ಮಾತಿನಷ್ಟು ಕಷ್ಟದ ಮಾತು ಇನ್ನೊಂದಿಲ್ಲ. ಇದೇ ಮಾಡಿಸಿಕೋ ಎಂದು ಯಾರಾದರೂ ಗದರಿದ್ದರೆ ನಿಶ್ಚಿಂತೆಯಾಗಿ ಇರುತ್ತಿದ್ದೆ. ಯಜಮಾನರನ್ನು ಕೇಳಿದರೆ, "ಹೊಟ್ಟೆ ನಿಂದು, ನಾನೇನ್ ಹೇಳ್ಲಿ" ಎಂದು ಬನಿಯನ್ ಒಗೆಯಲು ಹೋದರು. ಸರಿ, ಮಾಡಿಸಿಕೊಂಡವರನ್ನೇ ಕೇಳೋಣ ಎಂದು ಹೊರಟೆ.

ಶಿರಾದಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವ ನಸೀಮಾ ಸ್ಲೀವ್ ಮಾಡಿಸಿಕೊಂಡು ಎರಡು ವರ್ಷ. ಹಳೆಯ ಚೂಡಿದಾರವನ್ನು ತಂದು ತನ್ನ ಮೈಮೇಲೆ ಹಿಡಿದು ತೋರಿಸಿದಳು, ಒಳಗೆ ಇಬ್ಬರು ನಸೀಮಾ ಹಿಡಿಯುತ್ತಿದ್ದರು. "ಆಪಾ, ಬಿಲ್ಕುಲ್ ಹೆದ್ರಬೇಡಿ. ಮೂರನೇ ದಿನ ಮನೆಗೆ ಬಂದೆ. ಕರುಳು ಗಿರುಳು ಮುಟ್ಟೋದೇ ಇಲ್ಲ. ಕಣ್ಣು ಮುಚ್ಕೊಂಡು ಸ್ಲೀವ್ ಮಾಡಿಸ್ಕೊಳ್ಳಿ" ಎಂದಳು. ಅವಳ ಮುಖದ ಕಳೆ ನೋಡಿ ನನಗೆ ಅಲ್ಲೇ ಅರ್ಧ ಮನಸ್ಸಾಯಿತು.

ಕೊರಟಗೆರೆಯಲ್ಲಿ ಗೊಬ್ಬರದ ಅಂಗಡಿ ನಡೆಸುವ ಶಿವಣ್ಣನದು ಬೈಪಾಸ್. "ಶುಗರ್ರು ಹೋಯ್ತು ಕಣಮ್ಮ, ಸುಳ್ಳ್ಯಾಕೆ ಹೇಳ್ಲಿ. ಆದ್ರೆ ಹಬ್ಬದಾಗೆ ಒಂದು ಹೋಳಿಗೆ ತಿಂದ್ಬುಟ್ಟೆ ನೋಡು, ಬೆವ್ರು ಕಿತ್ಕಂಡು, ತಲೆ ತಿರುಗಿ, ಗೊಬ್ಬರದ ಮೂಟೆ ಮ್ಯಾಲೆ ಬಿದ್ಬುಟ್ಟಿದ್ದೆ. ಮಾತ್ರೆ ಅಂತೂ ಸಾಯೋವರ್ಗೂ" ಎಂದ. ಹೇಳುತ್ತಾ ನಗುತ್ತಲೇ ಇದ್ದ, ನಾನು ಬೈಪಾಸ್ ಚೀಟಿಯ ಚಿತ್ರವನ್ನು ಮತ್ತೆ ತೆಗೆದು ನೋಡಿದೆ. ಕರುಳನ್ನು ಕತ್ತರಿಸಿ ಇನ್ನೊಂದು ಕಡೆ ಹೊಲಿಯುವುದು ಎಂದರೆ ನನಗೆ ಮೊದಲಿಂದಲೂ ದಿಗಿಲು.

ಹದಿನೈದು ದಿನದಲ್ಲಿ ಹನ್ನೊಂದು ಕಳೆಯಿತು. ಬೆಳಗ್ಗೆ ಎದ್ದರೆ ಸ್ಲೀವ್, ಮಧ್ಯಾಹ್ನಕ್ಕೆ ಬೈಪಾಸ್. ಒಂದು ಮನಿ ಆರ್ಡರನ್ನು ಬೇರೆಯವರ ಮನೆಗೆ ಕಳಿಸಿ ಬೈಸಿಕೊಂಡೆ. ಕಣ್ಣಿನ ಚುಕ್ಕೆ ಒಂದಿದ್ದದ್ದು ಎರಡಾಯಿತು. ತಪ್ಪಾಗಿ ಆರಿಸಿಕೊಂಡರೆ ಹೊಟ್ಟೆಯೂ ಹೋಯಿತು, ಕಣ್ಣೂ ಹೋಯಿತು. ತೆಗೆದ ಹೊಟ್ಟೆಯನ್ನು ಯಾರೂ ವಾಪಸ್ಸು ಹಾಕಿಕೊಡುವುದಿಲ್ಲ.

ಕೊನೆಗೆ ಶ್ರಾವಣದ ಎರಡನೇ ಮಂಗಳವಾರ ಯಜಮಾನರನ್ನೂ ಕರೆದುಕೊಂಡು ತೋಪಿನಮ್ಮನ ಹತ್ತಿರ ಹೂ ಕೇಳಲು ಹೋದೆ. ನಮ್ಮಲ್ಲಿ ಪದ್ಧತಿ ಹೀಗೆ: ಪೂಜಾರಿ ಈರಣ್ಣ ಹೂವನ್ನು ನೀರಲ್ಲಿ ಅದ್ದಿ ಅಮ್ಮನ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಮನಸ್ಸಿನಲ್ಲಿ ಕೇಳಿಕೊಂಡು ಕಾಯಬೇಕು. ಬಲದ ಹೂ ಮೊದಲು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಬೇಡ ಎಂದರ್ಥ. ನಾನು ಅದಕ್ಕೆ ನನ್ನದೇ ಒಂದು ಬುದ್ಧಿ ಸೇರಿಸಿದೆ. ಡಾಕ್ಟರಮ್ಮ ಕೊಟ್ಟ ಎರಡು ಚೀಟಿಯನ್ನೂ ಸೆರಗಿನೊಳಗೆ ಮುಚ್ಚಿಟ್ಟುಕೊಂಡೆ. ಬಲಗೈಯಲ್ಲಿ ಸ್ಲೀವ್, ಎಡಗೈಯಲ್ಲಿ ಬೈಪಾಸ್. ತೋಪಿನಮ್ಮ ಸಾಮಾನ್ಯವಾಗಿ ಬಲಕ್ಕೇ ಕೊಡುವವಳು, ಅದು ಗೊತ್ತಿದ್ದೇ ಬಲಗೈಗೆ ಸ್ಲೀವ್ ಕೊಟ್ಟೆ. ದೇವರ ಮುಂದೆ ನಿಂತು ಮಾಡಿದ ಈ ಕಳ್ಳಾಟವನ್ನು ನಿಮ್ಮೆಲ್ಲರ ಮುಂದೆ ಒಪ್ಪಿಕೊಳ್ಳುತ್ತೇನೆ. ಕಣ್ಣು ಮುಚ್ಚಿ, "ತಾಯಿ, ನೀನೇ ಹೇಳು" ಎಂದೆ. ಗಂಟೆ ಬಾರಿಸುವುದು ನಿಂತಿತು.

"ಬಲಕ್ಕೆ ಕೊಟ್ಲು ಕಣಮ್ಮಾ!" ಎಂದ ಈರಣ್ಣ.

ಅಂದೇ ಆಸ್ಪತ್ರೆಗೆ ಫೋನು ಮಾಡಿ ಸ್ಲೀವ್ ಎಂದು ಹೇಳಿಬಿಟ್ಟೆ. ದಿನವೂ ಗೊತ್ತಾಯಿತು. ಆ ಒಂದು ವಾರ ನಾನು ಹಾಡಿಕೊಂಡು ಪಾರ್ಸೆಲ್ ತೂಗಿದ್ದೇನೆ.

ಮುಂದಿನ ಮಂಗಳವಾರ ರಕ್ತ ಪರೀಕ್ಷೆಗೆಂದು ಇಬ್ಬರೂ ಮಧುಗಿರಿ ಬಸ್ಸು ಹತ್ತಿದೆವು. ಬೇರೆಯವರು ಓಡಿಸುವ ಬಸ್ಸಿನಲ್ಲಿ ಕೂತರೆ ನಮ್ಮ ಯಜಮಾನರಿಗೆ ಬಾಯಿ ಸುಮ್ಮನಿರುವುದಿಲ್ಲ. ಗೇರು ಸರಿ ಹಾಕಲಿಲ್ಲ, ಬ್ರೇಕು ತಡವಾಯಿತು ಎಂದು ಹೇಳುತ್ತಲೇ ಇದ್ದವರು ಇದ್ದಕ್ಕಿದ್ದಂತೆ, "ಅಲ್ಲ ಕಣೇ, ಯಾವ ಕೈಯಾಗೆ ಯಾವುದು ಇಟ್ಕಂಡಿದ್ದೆ ಅಂದೆ?" ಎಂದರು.

"ಬಲಗೈಯಾಗೆ ಸ್ಲೀವು. ಎಷ್ಟ್ ಸಲ ಹೇಳೋದು?"

"ಹೂ ಬಿದ್ದಿದ್ದು ನಿನ್ನ ಎಡಗೈ ಕಡೀಕಲ್ವಾ?"

"ಪೂಜಾರಿ ಬಲಕ್ಕೆ ಅಂದ್ರಲ್ರೀ!"

"ಅಮ್ಮನ ಬಲಕ್ಕೆ ಅಂದ. ಅವಳು ನಮ್ ಕಡೆ ಮಖ ಮಾಡ್ಕಂಡ್ ಕುಂತವ್ಳೆ. ಅವಳ ಬಲ ಅಂದ್ರೆ ನಿಂಗೆ ಎಡ. ನೀನು ಕಣ್ ಮುಚ್ಕಂಡಿದ್ದೆ, ನಾನ್ ಬುಟ್ಕಂಡಿದ್ದೆ. ಡ್ರೈವರ್‌ಗೆ ಎಡ ಬಲ ಹೇಳ್ಕೊಡ್ತೀಯ?"

ನನಗೆ ಮೈ ಉರಿದು ಹೋಯಿತು. ಒಂದು ವಾರ ಬಾಯಿ ಮುಚ್ಚಿಕೊಂಡು ಈಗ ಹೇಳುತ್ತೀರಲ್ಲ, ನಿಮಗೆ ಬುದ್ಧಿ ಇದೆಯೇ ಎಂದು ಬಸ್ಸಿನಲ್ಲೇ ಶುರು ಮಾಡಿದೆ. ಜನವೆಲ್ಲ ತಿರುಗಿ ನೋಡಿದರು. ಮಧುಗಿರಿ ತಲುಪುವ ಮೊದಲೇ ಇಳಿದು, ಎದುರಿಗೆ ಬಂದ ಬಸ್ಸು ಹತ್ತಿ ನೇರ ತೋಪಿಗೆ ಬಂದೆವು. ಕೋಪ ಗಂಡನ ಮೇಲೆ ಅಷ್ಟಿರಲಿಲ್ಲ, ಅಮ್ಮನ ಮೇಲಿತ್ತು. ಇಷ್ಟು ವರ್ಷ ನಿನಗೆ ನಡೆದುಕೊಂಡಿದ್ದಕ್ಕೆ ನೆಟ್ಟಗೆ ಒಂದು ಮಾತು ಹೇಳಬಾರದಿತ್ತೇ ಎಂದು ದಾರಿಯುದ್ದಕ್ಕೂ ಒಳಗೊಳಗೇ ಜಗಳವಾಡಿದೆ.

ಈರಣ್ಣ ಗುಡಿಯ ಮುಂದೆ ಹುಣಸೆ ಎಲೆ ಗುಡಿಸುತ್ತಿದ್ದ. ನಾನು ಒದರಿದ್ದನ್ನೆಲ್ಲ ಪೊರಕೆ ಹಿಡಿದುಕೊಂಡೇ ಕೇಳಿದ. "ಏನಂತ ಕೇಳ್ದೆ ನೀನು?" ಎಂದ.

"ಇದಾ ಅದಾ ಅಂತ ಕೇಳ್ದೆ."

"ಲೇ ತಾಯಿ, ಅಮ್ಮ ಏನ್ ಮಧುಗಿರಿ ಬಸ್ ಸ್ಟ್ಯಾಂಡ್‌ನಾಗೆ ವಿಚಾರಣೆ ಕಿಟಕೀಲಿ ಕುಂತವ್ಳಾ, ಈ ಬಸ್ಸಾ ಆ ಬಸ್ಸಾ ಅಂತ ಕೇಳಾಕೆ? ಆಯ್ತದಾ ಆಗಾಕಿಲ್ವಾ, ಅಷ್ಟೇ ಕೇಳ್ಬೇಕು. ಅದೂ ಮೊದ್ಲು ಕಷ್ಟ ಒಪ್ಪಿಸ್ಬೇಕು. ಒಪ್ಪಿಸ್ದಾ?"

ಕಷ್ಟ ಒಪ್ಪಿಸುವುದು ಎಂದರೆ ಅಮ್ಮನ ಮುಂದೆ ಕೂತು, ಪೂಜಾರಿ ಕೇಳುವಂತೆ, ಇದ್ದದ್ದನ್ನೆಲ್ಲ ಬಾಯಿಬಿಟ್ಟು ಹೇಳುವುದು. ಹಳೆಯ ಕಾಲದ ಹೆಂಗಸರು ಮಾಡುತ್ತಿದ್ದರು. ನನಗೆ ನಾಚಿಕೆ, ಅದಕ್ಕೇ ಮನಸ್ಸಿನಲ್ಲಿ ಕೇಳಿ ಮುಗಿಸಿದ್ದೆ.

"ಅಮ್ಮನಿಗೆ ಎಲ್ಲಾ ಗೊತ್ತಿರ್ತದೆ ಈರಣ್ಣ, ನಾನೇನ್ ಹೇಳೋದು."

"ಅವಳಿಗ್ ಗೊತ್ತು ಕಣಮ್ಮ. ನಿಂಗ್ ಗೊತ್ತಾ? ಕುಂತ್ಕೋ. ಬೆಳಿಗ್ಗೆ ಎದ್ದಾಗಿಂದ ಮಲಗೋಗಂಟ ಏನೇನ್ ಆಯ್ತದೆ, ಹೆಂಗೈತೆ, ಎಲ್ಲಾ ಹೇಳ್ಬುಡು. ಬಚ್ಚಿಡಬ್ಯಾಡ."

ಕೂತೆ. ನೆಲಕ್ಕೆ ಕೂರಲು ಯಜಮಾನರೂ ಈರಣ್ಣನೂ ಕೈ ಹಿಡಿಯಬೇಕಾಯಿತು. ಹೇಳತೊಡಗಿದೆ. ಎದ್ದ ಕೂಡಲೇ ಇನ್ಸುಲಿನ್. ಮಂಡಿ ನೋವು. ಕಚೇರಿಗೆ ಹೋಗುವಷ್ಟರಲ್ಲಿ ಏದುಸಿರು. ಚುಕ್ಕೆ. ಜನ ನೋಡುವ ನೋಟ. ಹೆತ್ತಮ್ಮನ ಕಣ್ಣು ಹೋದದ್ದು. ಹೇಳುತ್ತಾ ಹೇಳುತ್ತಾ ರಾತ್ರಿ ಊಟಕ್ಕೆ ಬಂದೆ. "ಆಮೇಲೆ ಗೋಡೆಗೆ ಒರಗಿಕೊಂಡು ಮಲಗ್ತೀನಿ, ಅಷ್ಟೇ" ಎಂದು ಎದ್ದೇಳಲು ನೋಡಿದೆ.

"ಗೋಡೆಗ್ಯಾಕೆ ಒರಗ್ತೀಯ?"

"ಅಂಗಾತ ಮಲಗಿದ್ರೆ ಹುಳಿ ನೀರು ಗಂಟ್ಲಿಗ್ ಬರ್ತದೆ. ಎದೆ ಉರೀತದೆ. ಆರು ವರ್ಷ ಆಯ್ತು. ಏನಿಲ್ಲ, ಗ್ಯಾಸ್ಟ್ರಿಕ್ಕು. ಮೆಡಿಕಲ್ ಸ್ಟೋರಿಂದ ದಿನಾ ಒಂದ್ ಮಾತ್ರೆ ತಗಂತೀನಿ."

"ಡಾಕ್ಟ್ರಿಗ್ ಹೇಳ್ದಾ?"

"ಗ್ಯಾಸ್ಟ್ರಿಕ್ ಯಾರಿಗಿಲ್ಲ ಈರಣ್ಣ?"

ಹೇಳಿ ನೋಡಿ, ನಮ್ಮ ಸೀಮೆಯಲ್ಲಿ ಗ್ಯಾಸ್ಟ್ರಿಕ್ ಅನ್ನು ಯಾರು ಕಾಯಿಲೆ ಎನ್ನುತ್ತಾರೆ? ಆ ಮಾತ್ರೆಯನ್ನು ಯಾರು ಔಷಧಿ ಎನ್ನುತ್ತಾರೆ? ಡಾಕ್ಟರಮ್ಮ ಬೇರೆ ಮಾತ್ರೆ ಇದೆಯೇ ಎಂದು ಕೇಳಿದಾಗ ಅದು ನನ್ನ ಚೀಲದಲ್ಲೇ, ಬಸ್ ಟಿಕೆಟ್ಟಿನ ಪಕ್ಕದಲ್ಲೇ ಇತ್ತು. ನಾನು ಸುಳ್ಳು ಹೇಳಿರಲಿಲ್ಲ, ನನಗೆ ನೆನಪೇ ಆಗಿರಲಿಲ್ಲ.

ನಮ್ಮ ಯಜಮಾನರ ಮುಖ ಸಪ್ಪಗಾಗಿತ್ತು. "ಮೈ ಭಾರಕ್ಕೆ ಒರಕ್ಕಂಡ್ ಮಲಗ್ತಾಳೆ ಅಂದ್ಕಂಡಿದ್ದೆ ಕಣಣ್ಣ. ಕೇಳ್ದಾಗೆಲ್ಲ ಏನಿಲ್ಲ, ಏನಿಲ್ಲ ಅಂತಾಳೆ" ಎಂದು ಈರಣ್ಣನಿಗೆ ಹೇಳಿದರು.

ಆ ಏನಿಲ್ಲ ಎಂಬ ಮಾತು ಅವರ ಬಾಯಿಂದ ಬಂದಾಗ ನನಗೆ ನನ್ನ ದನಿ ಕೇಳಿಸಲಿಲ್ಲ, ನಮ್ಮಮ್ಮನ ದನಿ ಕೇಳಿಸಿತು. ಏಮೀ ಲೇದು. ಕಣ್ಣು ಹೋಗುವ ಮೊದಲು ಅಮ್ಮನೂ ಗೋಡೆಗೆ ಒರಗಿಯೇ ಮಲಗುತ್ತಿದ್ದಳು. ಯಾಕೆ ಎಂದು ನಾನು ಕೇಳಿದ್ದೆನೋ ಇಲ್ಲವೋ ಈಗಲೂ ನೆನಪಿಲ್ಲ. ಅಮ್ಮನ ಮುಂದೆ, ಅಂದರೆ ತೋಪಿನಮ್ಮನ ಮುಂದೆ, ಹಣೆ ನೆಲಕ್ಕಿಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಈರಣ್ಣ ತೀರ್ಥ ತಂದು ಪಕ್ಕದಲ್ಲಿಟ್ಟ. ಮತ್ತೆ ಹೂ ಅಂಟಿಸಲಿಲ್ಲ. "ಡಾಕ್ಟ್ರಮ್ಮನಿಗ್ ಫೋನ್ ಮಾಡು, ನಂಗೇಳ್ದಂಗೇ ಹೇಳು" ಎಂದ.

ಗುಡಿಯ ಜಗಲಿಯ ಮೇಲೆ ಕೂತೇ ಫೋನು ಮಾಡಿದೆ. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡು, "ಪುಟ್ಟಲಕ್ಷ್ಮಿ, ಇದನ್ನೇ ಕಣಮ್ಮ ನಾನು ಆಸಿಡ್ ರಿಫ್ಲಕ್ಸ್ ಅಂತ ಕೇಳಿದ್ದು. ದಿನಾ ಮಾತ್ರೆ ತಗೊಂಡು ಬಂದಿದ್ದಕ್ಕೆ ಒಳಗೆ ಎಲ್ಲಾ ಚೆನ್ನಾಗಿ ಕಾಣಿಸಿದೆ. ಆಪರೇಷನ್ ದಿನ ಮುಂದೂಡ್ತೀನಿ, ಬನ್ನಿ" ಎಂದರು.

ಹೋದೆವು. ಆ ಮಾತ್ರೆ ನಿಲ್ಲಿಸಿ, ಕೆಲವು ದಿನ ಬಿಟ್ಟು, ಮೂಗಿನಿಂದ ಸಣ್ಣ ನಳಿಕೆ ಇಳಿಸಿ ಒಂದು ಪೂರ್ತಿ ದಿನ ಪರೀಕ್ಷೆ ಮಾಡಿದರು. ಫಲಿತಾಂಶದ ಹಾಳೆಯನ್ನು ನನ್ನ ಕಡೆ ತಿರುಗಿಸಿ, "ಇಷ್ಟು ಜೋರಾಗಿ ಹುಳಿ ಮೇಲೆ ಬರೋರಿಗೆ ಸ್ಲೀವ್ ಒಳ್ಳೇದಲ್ಲ. ಮಾಡಿದ್ರೆ ಈ ಉರಿ ಇನ್ನೂ ಹೆಚ್ಚಾಗೋ ಸಾಧ್ಯತೆ ಇತ್ತು. ಆಮೇಲೆ ಇನ್ನೊಂದು ಆಪರೇಷನ್ ಬೇಕಾಗಬಹುದಿತ್ತು. ನಿಮಗೆ ಬೈಪಾಸೇ ಸರಿ" ಎಂದರು.

ನಾನು ನನ್ನ ಎಡಗೈಯನ್ನು ನೋಡಿಕೊಂಡೆ. ಬೈಪಾಸ್ ಚೀಟಿ ಹಿಡಿದಿದ್ದ ಕೈ. ಹೂ ಬಿದ್ದಿದ್ದ ಕಡೆಯ ಕೈ.

ಕಾರ್ತಿಕದಲ್ಲಿ ಆಪರೇಷನ್ ಆಯಿತು. ಸ್ಟ್ರೆಚರ್ ಮೇಲೆ ಮಲಗಿದಾಗ ದಿಗಿಲು ಇದ್ದೇ ಇತ್ತು, ಇರಲಿಲ್ಲ ಎಂದು ಬರೆದರೆ ಅಮ್ಮ ಮೆಚ್ಚುವುದಿಲ್ಲ. ಆದರೆ ಗೊಂದಲ ಇರಲಿಲ್ಲ. ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ಗಂಜಿ, ತಿಳಿಸಾರು, ಮೊಸರು. ಕೂದಲು ಉದುರಿತು. ಸಂಕ್ರಾಂತಿ ಕಳೆದು ಒಂದು ದಿನ ನೆಲ್ಲಿಕಾಯಿ ಗಾತ್ರದ ಮುದ್ದೆ ತಟ್ಟೆಗೆ ಹಾಕಿಕೊಂಡು ಅಗಿಯುತ್ತಾ ಕೂತೆ. ಮುದ್ದೆ ಹಲ್ಲಿಗೆ ಮೆತ್ತಿಕೊಂಡು ಬಿಡಲೊಲ್ಲದು. "ಮುದ್ದೆ ಅಗಿಯೋ ಹೆಂಗ್ಸನ್ನ ನಮ್ ವಂಶದಾಗೇ ನೋಡಿಲ್ಲ ಬುಡು" ಎಂದು ಯಜಮಾನರು ನಕ್ಕರು. ಈ ಸಲ ನಾನೂ ನಕ್ಕೆ. ಗುಡಿಯಲ್ಲಿ ಆಸೆಗೆ ಒಂದು ಸೌಟು ಪಾಯಸ ಕುಡಿದು ಶಿವಣ್ಣನ ಹಾಗೆಯೇ ಬೆವೆತು ಕಂಬ ಹಿಡಿದು ಕೂತದ್ದೂ ಉಂಟು. "ಪ್ರಸಾದ ಅಂದ್ರೆ ಅಂಗೈಯಷ್ಟು ಕಣಮ್ಮ, ಸೌಟಲ್ಲ" ಎಂದು ಈರಣ್ಣ ಗದರಿದ.

ಈಗ ನನ್ನ ತೂಕ ಎಂಬತ್ತೊಂದು. ಇನ್ಸುಲಿನ್ ನಿಂತಿದೆ, ಶುಗರ್‌ಗೆ ಒಂದೇ ಮಾತ್ರೆ. ವಿಟಮಿನ್ ಮಾತ್ರೆಯ ಡಬ್ಬಿ ಅಂಚೆ ಮೊಹರಿನ ಪಕ್ಕದಲ್ಲೇ ಇರುತ್ತದೆ. ಕಳೆದ ತಿಂಗಳು ತುಮಕೂರಿನ ಕಣ್ಣಿನ ಡಾಕ್ಟರು ಬಹಳ ಹೊತ್ತು ನೋಡಿ, ಜಿನುಗಿದ್ದ ರಕ್ತ ಹೀರಿಕೊಂಡಿದೆ, ಹೊಸದಾಗಿ ಏನೂ ಆಗಿಲ್ಲ, ತಪ್ಪದೆ ತೋರಿಸುತ್ತಿರಿ ಎಂದರು. ಲಕೋಟೆಯ ಮೇಲಿನ ಹೆಸರುಗಳು ಈಗ ಪೂರ್ತಿ ಕಾಣುತ್ತವೆ.

ಹೂ ನಿಜವಾಗಿ ಬಿದ್ದದ್ದು ಯಾರ ಬಲಕ್ಕೆ ಎಂದು ನನ್ನನ್ನು ಕೇಳುವವರಿದ್ದಾರೆ. ಅಮ್ಮನಿಗೆ ಎಲ್ಲ ಮೊದಲೇ ಗೊತ್ತಿತ್ತು ನೋಡಿ ಎನ್ನುತ್ತಾರೆ. ಗೊತ್ತಿತ್ತು, ನನಗೆ ಅನುಮಾನವಿಲ್ಲ. ಆದರೆ ಅವಳು ಮಾಡಿದ ಉಪಕಾರ ಅದಲ್ಲ ಎಂದು ನನಗೆ ಅನ್ನಿಸುತ್ತದೆ. ಬಲವೋ ಎಡವೋ ಎಂದು ನನ್ನನ್ನು ಸಿಕ್ಕಿಹಾಕಿಸಿ, ಜಗಳ ಮಾಡಿಸಿ, ತನ್ನ ಮುಂದೆ ನೆಲಕ್ಕೆ ಕೂರಿಸಿ, ಊರೆಲ್ಲ ಬೈಯುವ ಈ ಬಾಯಿಂದ ಒಂದು ನಿಜ ಹೇಳಿಸಿದಳಲ್ಲ, ಅದಕ್ಕೆ ನಾನು ಅವಳ ಪಾದ ಬಿಡುವುದಿಲ್ಲ. ಅವಳನ್ನು ನಂಬಿದ ಅಕ್ಕತಂಗಿಯರೇ, ಅಮ್ಮನ ಮುಂದೆಯೂ ಡಾಕ್ಟರ ಮುಂದೆಯೂ ಏನಿಲ್ಲ ಎನ್ನಬೇಡಿ. ಏನೋ ಇರುತ್ತದೆ.

ನಮ್ಮ ಮನೆಯ ನಡುಮನೆ ಗೋಡೆಯ ಮೇಲೆ, ಆರು ವರ್ಷ ನಾನು ತಲೆ ಒರಗಿಸಿದ ಜಾಗದಲ್ಲಿ, ಹರಳೆಣ್ಣೆಯ ಕಪ್ಪು ಕಲೆಯೊಂದಿದೆ. ಯುಗಾದಿಗೆ ಮುಂಚೆ ಯಜಮಾನರು ಸುಣ್ಣ ಕಲಸಿಕೊಂಡು ಬಂದು, "ಇದನ್ನ ಒರೆಸಿ ಬಳಿದ್ಬುಡ್ಲಾ?" ಎಂದರು. ಬೇಡ ಎಂದೆ. ನಮ್ಮಮ್ಮನ ಮನೆಯ ಗೋಡೆಯ ಮೇಲೂ ಇಂಥದೇ ಕಲೆ ಇತ್ತು, ಅವಳು ಸತ್ತ ಮೇಲೆ ನಾನೇ ಉಜ್ಜಿ ಉಜ್ಜಿ ತೆಗೆದು ಸುಣ್ಣ ಬಳಿದಿದ್ದೆ. ಅದೇನೆಂದು ಆಗ ಯೋಚಿಸಲಿಲ್ಲ. ಈಗ ದಿನವೂ ಮಲಗುವ ಮುಂಚೆ ಆ ಕಲೆಯನ್ನೊಮ್ಮೆ ಮುಟ್ಟಿ, ಇಬ್ಬರು ಅಮ್ಮಂದಿರಿಗೂ ಕೈಮುಗಿದು, ಅಂಗಾತ ಮಲಗುತ್ತೇನೆ.